ಮಗುವಿಗೆ ಮೊದಲ ಏರ್ ರೈಫಲ್: ಅಂಗಡಿಗೆ ಹೋಗುವ ಮುನ್ನ ಇಷ್ಟು ತಿಳಿದಿರಲಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅದನ್ನು ಟಿವಿಯಲ್ಲಿ ನೋಡಿದ ಮಕ್ಕಳು "ನನಗೂ ಒಂದು ರೈಫಲ್ ಕೊಡಿಸಿ" ಎಂದು ಹಠ ಹಿಡಿದರೆ ಅಚ್ಚರಿಯಿಲ್ಲ. ಪುಣೆಯ ಬಾಲೇವಾಡಿಯಂತಹ ರೇಂಜ್ ಹತ್ತಿರವಿದ್ದರಂತೂ ಕೇಳುವುದೇ ಬೇಡ.

ಮೊದಲು ಕಾನೂನು. ಬೇಟೆಯ ಆಸೆಯಿದ್ದರೆ ಅದನ್ನು ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನವಿಲು, ಗಿಳಿಗಳಿಗೆ ಗುರಿಯಿಟ್ಟು ತಪ್ಪಿದರೂ ಅಪರಾಧವೇ. ಕೋವಿಯ ನಾಡಾದ ಕೊಡಗಿನಲ್ಲೇ ಕೈಲ್‌ಪೊಳ್ದ್ ಹಬ್ಬಕ್ಕೆ ಈಗ ಗುಂಡು ಹೊಡೆಯುವುದು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ. ಇನ್ನು 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚು, ಅಂದರೆ 4.5 ಮಿ.ಮೀ. ಮೀರದ ಮತ್ತು 20 ಜೌಲ್ ಶಕ್ತಿ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಗುರುತು, ವಿಳಾಸದ ದಾಖಲೆ ಮಾತ್ರ ಕೊಡಬೇಕು.

ಅಂಗಡಿಯವರು ಮೊದಲು ಹೇಳುವುದೇ "ಇದರ ಪವರ್ ಜಾಸ್ತಿ ಸರ್" ಎಂದು. ಆ ಮಾತಿಗೆ ಮರುಳಾಗಬೇಡಿ. 10 ಮೀಟರ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಕೇವಲ 0.5 ಮಿ.ಮೀ. ಅಲ್ಲಿ ಬೇಕಾಗಿರುವುದು ನಿಖರತೆ. ಲಕ್ಷ ರೂಪಾಯಿ ದಾಟುವ ಸ್ಪರ್ಧೆಯ ರೈಫಲ್‌ಗಳ ಶಕ್ತಿಯೂ ಸಾಮಾನ್ಯವಾಗಿ 7.5 ಜೌಲ್ ಆಸುಪಾಸಿನಲ್ಲೇ ಇರುತ್ತದೆ.

ನೋಡಬೇಕಾದ್ದು ರೈಫಲ್ ಮಗುವಿನ ಮೈಗೆ ಹೊಂದುತ್ತದೆಯೇ ಎಂಬುದನ್ನು. ಖಾಲಿ ರೈಫಲ್‌ನ ಹಿಂತುದಿಯನ್ನು ಮಗುವಿನ ಮೊಣಕೈ ಮಡಿಕೆಗೆ ಒತ್ತಿಡಿ. ಬೆರಳು ಟ್ರಿಗರ್‌ಗೆ ಸಲೀಸಾಗಿ ತಲುಪಬೇಕು. ಚಾಚಬೇಕಾಗಿ ಬಂದರೆ ಅದು ದೊಡ್ಡವರ ಅಳತೆ. "ಬೆಳೆಯುವ ಮಗು, ಇರಲಿ" ಎಂದು ಶಾಲೆಯ ಯೂನಿಫಾರ್ಮ್ ಕೊಂಡಂತೆ ಇದನ್ನು ಕೊಳ್ಳುವಂತಿಲ್ಲ, ಏಕೆಂದರೆ ಉದ್ದ ರೈಫಲ್ ಹಿಡಿದು ಕಲಿತ ತಪ್ಪು ನಿಲುವನ್ನು ಆಮೇಲೆ ತಿದ್ದುವುದು ಕಷ್ಟ. ಹಿಂತುದಿಯನ್ನು ಹೊಂದಿಸಿಕೊಳ್ಳಲು ಬರುವ ಮಾದರಿ ಸಿಕ್ಕರೆ ಕೆಲವು ವರ್ಷ ಚಿಂತೆಯಿಲ್ಲ. ತೂಕವೂ ಅಷ್ಟೇ ಮುಖ್ಯ. ಸ್ಪರ್ಧೆಯ ಮಿತಿ 5.5 ಕೆ.ಜಿ. ಎಂದ ಮಾತ್ರಕ್ಕೆ ಹನ್ನೆರಡರ ಮಗು ಅದನ್ನು ಹೊರಬೇಕಿಲ್ಲ.

ನಳಿಗೆ ಮಡಚುವ ಸ್ಪ್ರಿಂಗ್ ರೈಫಲ್ ಅಗ್ಗ. ಆದರೆ ಮಡಚಲು ತೋಳಿನಲ್ಲಿ ಬಲ ಬೇಕು, ಸ್ಪ್ರಿಂಗ್ ಬಿಟ್ಟಾಗ ರೈಫಲ್ ಕುಲುಕುತ್ತದೆ. ನಳಿಗೆ ತೆರೆದಿರುವಾಗ ಟ್ರಿಗರ್ ಒತ್ತಿದರೆ ಬೆರಳು ಜಜ್ಜಿಹೋಗಬಹುದು. ಒತ್ತಡದ ಗಾಳಿ ತುಂಬಿದ ಪಿಸಿಪಿ ರೈಫಲ್‌ನಲ್ಲಿ ಈ ತಾಪತ್ರಯವಿಲ್ಲ. ಬೆಲೆ ಹೆಚ್ಚು, ಜೊತೆಗೆ ಗಾಳಿ ತುಂಬಿಸುವ ವ್ಯವಸ್ಥೆಯೂ ಬೇಕು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಸಿಲಿಂಡರ್ ಮೇಲಿನ ದಿನಾಂಕವನ್ನು ಮರೆಯದೆ ಓದಬೇಕು. ಅವಧಿ ಮೀರಿದ ಸಿಲಿಂಡರ್ ಅಪಾಯಕಾರಿ.

ಬಲಗೈ ಮಗುವಿನ ಎಡಗಣ್ಣು ಚುರುಕಾಗಿರುವುದೂ ಉಂಟು. ಹಾಗಿದ್ದರೆ ಎಡ-ಬಲ ಯಾವುದು ಎಂಬುದನ್ನು ಕೋಚ್ ನಿರ್ಧರಿಸಲಿ. ನಿಜ ಹೇಳಬೇಕೆಂದರೆ, ಮೊದಲ ಆರು ತಿಂಗಳು ಕ್ಲಬ್‌ನ ರೈಫಲ್ ಸಾಕು. ಆಸಕ್ತಿ ಉಳಿಯುತ್ತದೆಯೇ ಎಂಬುದೂ ಅಷ್ಟರಲ್ಲಿ ಗೊತ್ತಾಗುತ್ತದೆ.

ಪೆಲೆಟ್ ಚಪ್ಪಟೆ ಮೂತಿಯದ್ದಿರಲಿ, ಕಾಗದದಲ್ಲಿ ದುಂಡಗಿನ ತೂತು ಬಿದ್ದು ಅಂಕ ಎಣಿಸುವುದು ಸುಲಭ. ಅದು ಸೀಸದ್ದು, ಆದ್ದರಿಂದ ತಿಂಡಿಗೆ ಮುನ್ನ ಮಗು ಸೋಪು ಹಾಕಿ ಕೈ ತೊಳೆಯಲಿ.