‘ಮಕ್ಕಳು’ ಎಂದರೆ ಯಾರು? – ವಸಾಹತು ಕಾಲದ ಪಾಲುಪತ್ರಗಳನ್ನು ಓದುವ ಬಗೆ

ವಸಾಹತು ಕಾಲದ ಒಬ್ಬ ರೈತನು ತನ್ನ ಭೂಮಿಯನ್ನು ಮಕ್ಕಳಿಗೆ ಹೇಗೆ ಹಂಚಿದನು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳವಾದುದು. ಆದರೆ ಆ ಕಾಲದ ಪಾಲುಪತ್ರವನ್ನೋ ವಾಟ್ನಿಪತ್ರವನ್ನೋ ಓದತೊಡಗಿದ ಸಂಶೋಧಕನಿಗೆ ಈ ಪ್ರಶ್ನೆಯ ಎರಡು ಪದಗಳು ತೊಡಕಾಗುತ್ತವೆ. ಒಂದು ‘ಹಂಚು’, ಇನ್ನೊಂದು ‘ಮಕ್ಕಳು’. ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹಳೆಯ ಕಾಗದಪತ್ರಗಳನ್ನು ಪರಿಶೀಲಿಸುವವರಿಗಂತೂ ಈ ತೊಡಕು ಅನಿವಾರ್ಯ. ಅದರ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದು ತತ್ತ್ವವನ್ನು ನೆನಪಿಡಬೇಕು. ಹಿಂದೂ ಕುಟುಂಬವೊಂದು ಒಂದು ಪ್ರಾಂತದಿಂದ ಇನ್ನೊಂದಕ್ಕೆ ವಲಸೆ ಹೋದಾಗ ತನ್ನ ಮೂಲ ಪ್ರದೇಶದ ಉತ್ತರಾಧಿಕಾರದ ಕಟ್ಟಳೆಯನ್ನು ತನ್ನೊಡನೆಯೇ ಒಯ್ಯುತ್ತದೆ. ಹೊಸ ನೆಲದ ಕಟ್ಟಳೆಯನ್ನು ಸ್ವೀಕರಿಸಿತೆಂದು ವಾದಿಸುವವರು ಅದನ್ನು ಸಿದ್ಧಪಡಿಸಬೇಕು. ಪ್ರಿವಿ ಕೌನ್ಸಿಲ್ ಈ ನಿಯಮವನ್ನು ದೃಢಪಡಿಸಿತ್ತು. ಆದುದರಿಂದ ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲಿ ವಾಸಿಸುವ ಮೂರು ಮನೆಗಳಿಗೆ ಮೂರು ಬಗೆಯ ಕಟ್ಟಳೆ ಅನ್ವಯಿಸುವುದು ಸಾಧ್ಯವಿತ್ತು: ಸ್ಥಳೀಯನಿಗೆ ವ್ಯವಹಾರಮಯೂಖ, ಧಾರವಾಡ ವಿಜಾಪುರಗಳ ಕಡೆಯವನಿಗೆ ಮಿತಾಕ್ಷರ, ದಕ್ಷಿಣ ಕನ್ನಡದ ಬಂಟನಿಗೆ ಅಳಿಯಸಂತಾನ.

ಇಲ್ಲಿ ಹೆಸರಿನ ಒಂದು ಭ್ರಮೆಯನ್ನೂ ನಿವಾರಿಸಿಕೊಳ್ಳಬೇಕು. ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನವನ್ನು ಬರೆದ ಕಲ್ಯಾಣವು ಥಾಣೆ ಜಿಲ್ಲೆಯ ಕಲ್ಯಾಣವಲ್ಲ. ಅದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಥಾಣೆಯನ್ನೊಳಗೊಂಡ ಉತ್ತರ ಕೊಂಕಣದಲ್ಲಿ, ಗುಜರಾತ್ ಮತ್ತು ಮುಂಬಯಿ ದ್ವೀಪಗಳಲ್ಲಿದ್ದಂತೆ, ಹದಿನೇಳನೆಯ ಶತಮಾನದ ನೀಲಕಂಠಭಟ್ಟನ ಮಯೂಖಕ್ಕೆ ನ್ಯಾಯಾಲಯಗಳು ಅಗ್ರಸ್ಥಾನ ನೀಡಿದ್ದವು. ಗಂಡುಮಕ್ಕಳ ಪಾಲಿನಲ್ಲಿ ಈ ಎರಡು ಗ್ರಂಥಗಳಿಗೆ ಹೆಚ್ಚಿನ ಭೇದವಿಲ್ಲ. ಪತ್ನಿ, ಸಂತಾನ, ದೌಹಿತ್ರರಿಲ್ಲದೆ ಸತ್ತವನ ಆಸ್ತಿಯ ವಿಷಯದಲ್ಲಿ ಭೇದ ಎದ್ದು ಕಾಣುತ್ತದೆ. ಮಿತಾಕ್ಷರದಲ್ಲಿ ತಾಯಿ ಮೊದಲು, ಮಯೂಖದಲ್ಲಿ ತಂದೆ ಮೊದಲು.

ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಭೂಮಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ಆದುದರಿಂದ ತಂದೆ ‘ಹಂಚಿದನು’ ಎಂಬುದಕ್ಕಿಂತ, ಅದಾಗಲೇ ಇದ್ದ ಪಾಲುಗಳನ್ನು ‘ಬೇರ್ಪಡಿಸಿದನು’ ಎಂಬುದೇ ಸರಿಯಾದ ಮಾತು. ತಂದೆಯೇ ವಿಭಾಗ ಮಾಡಿದರೂ ಪಾಲುಗಳು ಸಮವಾಗಿರಬೇಕಿತ್ತು. ಇಚ್ಛಾನುಸಾರ ಕೊಡಲು ಅವನಿಗೆ ಉಳಿದುದು ಸ್ವಯಾರ್ಜಿತ ಮಾತ್ರ. ಆದರೆ ಒಂದೇ ಗ್ರಂಥವನ್ನು ಎರಡು ಪ್ರಾಂತಗಳು ಎರಡು ಬಗೆಯಾಗಿ ನಡೆಸಿದವು. ವಿಭಾಗದ ಕಾಲದಲ್ಲಿ ಪತ್ನಿಗೂ ಪಾಲುಂಟೆಂಬ ವಿಧಿಯನ್ನು ಮುಂಬಯಿ ಪ್ರಾಂತ ಉಳಿಸಿಕೊಂಡಿತು. ಮದರಾಸು ಪ್ರಾಂತದಲ್ಲಿ ಅದು ಬಳಕೆ ತಪ್ಪಿತು. ಲೆಕ್ಕಕ್ಕಾಗಿ 20 ಎಕರೆ ಪಿತ್ರಾರ್ಜಿತ ಭೂಮಿ, ತಂದೆ, ತಾಯಿ ಹಾಗೂ ಮೂವರು ಗಂಡುಮಕ್ಕಳಿರುವ ಮನೆಯನ್ನು ಭಾವಿಸೋಣ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಐದು ಪಾಲು, ತಲಾ 4 ಎಕರೆ. ಮದರಾಸಿಗೆ ಸೇರಿದ್ದ ಬಳ್ಳಾರಿಯಲ್ಲಿ ನಾಲ್ಕು ಪಾಲು, ತಲಾ 5 ಎಕರೆ. ತಾಯಿಯ ಹೆಸರು ಪತ್ರದಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಪ್ರಾಂತದ ಗಡಿಯೇ ಕಾರಣವಾಗಿರಬಹುದು.

ಮಗಳ ವಿಷಯ ಇನ್ನೂ ಗಂಭೀರವಾದುದು. ತಂದೆಯ ಅನಂತರ ವಿಭಾಗ ಮಾಡಿಕೊಳ್ಳುವ ಸೋದರರು ಅವಿವಾಹಿತ ಸೋದರಿಗೆ ನಾಲ್ಕನೆಯ ಒಂದಂಶವನ್ನು ಕೊಡಬೇಕೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಇದು ಕೇವಲ ಮದುವೆಯ ಖರ್ಚಿನ ಮಾತೆಂಬ ಅಭಿಪ್ರಾಯವನ್ನು ವಿಜ್ಞಾನೇಶ್ವರನು ಒಪ್ಪದೆ, ಅದು ನಿಜವಾದ ಪಾಲೇ ಎಂದು ಸಾಧಿಸಿ ಲೆಕ್ಕದ ಕ್ರಮವನ್ನೂ ತೋರಿಸುತ್ತಾನೆ. ತಂದೆತಾಯಿಗಳಿಲ್ಲದ ಮೂವರು ಸೋದರರು ಮತ್ತು ಒಬ್ಬ ಸೋದರಿ ಇದ್ದರೆ 20 ಎಕರೆಯನ್ನು ಮೊದಲು ನಾಲ್ಕು ಭಾಗ ಮಾಡಬೇಕು. ಅವುಗಳಲ್ಲೊಂದಾದ 5 ಎಕರೆಯ ಕಾಲುಭಾಗ, ಅಂದರೆ 1 ಎಕರೆ 10 ಗುಂಟೆ, ಸೋದರಿಗೆ ಸಲ್ಲುತ್ತದೆ. ಉಳಿದುದು ಸೋದರರಿಗೆ ತಲಾ 6 ಎಕರೆ 10 ಗುಂಟೆ. ಕೋಲ್‌ಬ್ರೂಕನು ಈ ಭಾಗವನ್ನು 1810ರಲ್ಲಿಯೇ ಇಂಗ್ಲಿಷಿಗೆ ಅನುವಾದಿಸಿದ್ದನು. ಆದರೂ ವಸಾಹತು ನ್ಯಾಯಾಲಯಗಳ ರೂಢಿಯಲ್ಲಿ ಅದು ಮದುವೆಯ ಖರ್ಚಿಗೇ ಇಳಿಯಿತು. ಪಾಲುಪತ್ರದ ‘ಮಕ್ಕಳು’ ಎಂಬ ಪದವು ಗಂಡುಮಕ್ಕಳೆಂಬ ಅರ್ಥಕ್ಕೆ ಸಂಕುಚಿತವಾದುದು ಹೀಗೆ. ಇದಕ್ಕೆ ಹೊಣೆ ಗ್ರಂಥವಲ್ಲ, ಅದನ್ನು ಜಾರಿಗೆ ತಂದ ಬಗೆ.

ಅಳಿಯಸಂತಾನದಲ್ಲಿ ಅರ್ಥವೇ ಪಲ್ಲಟವಾಗುತ್ತದೆ. ಕುಟುಂಬದ ಭೂಮಿಯ ಮೇಲೆ ರೈತನ ಸ್ವಂತ ಮಕ್ಕಳಿಗೆ ಹಕ್ಕಿರಲಿಲ್ಲ, ಅವನ ಸೋದರಿಯ ಮಕ್ಕಳಿಗಿತ್ತು. ಅವನ ಮಕ್ಕಳ ಹಕ್ಕು ತಾಯಿಯ ಕುಟುಂಬದಲ್ಲಿತ್ತು. ಯಜಮಾನನು ಒಡೆಯನಲ್ಲ, ನಿರ್ವಾಹಕ. ಸದಸ್ಯನೊಬ್ಬನು ಬಲವಂತದಿಂದ ಪಾಲು ಕೇಳುವಂತಿಲ್ಲವೆಂದು ಮದರಾಸು ಹೈಕೋರ್ಟು 1863ರಲ್ಲಿ ತೀರ್ಮಾನಿಸಿತು. ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟುದು 1949ರ ಮದರಾಸು ಅಳಿಯಸಂತಾನ ಕಾಯಿದೆ. ಅದಕ್ಕೆ ಮೊದಲು ತಂದೆಯಾದವನು ಮಕ್ಕಳಿಗೆ ಏನಾದರೂ ಕೊಡಬಯಸಿದರೆ ಸ್ವಂತ ಗಳಿಕೆಯಿಂದ ದಾನಪತ್ರ ಬರೆಯುವುದೊಂದು ದಾರಿ. ಇಂತಹ ದಾನಪತ್ರವನ್ನು ಪಾಲುಪತ್ರವೆಂದು ಓದಿದರೆ ಇಡೀ ಕುಟುಂಬದ ಚಿತ್ರ ತಲೆಕೆಳಗಾಗುತ್ತದೆ.

ಇವೆಲ್ಲ ಕೇವಲ ಗತಕಾಲದ ಸಂಗತಿಗಳಲ್ಲ. ವಿಧವೆಯರಿಗೆ ಹಕ್ಕು ನೀಡಿದ 1937ರ ಕಾಯಿದೆ ಗವರ್ನರರ ಪ್ರಾಂತಗಳ ಕೃಷಿಭೂಮಿಗೆ ಅನ್ವಯಿಸದೆಂದು ಫೆಡರಲ್ ಕೋರ್ಟು 1941ರಲ್ಲಿ ಹೇಳಿತು. ಹೀಗಾಗಿ ಪ್ರಾಂತಗಳು ಪ್ರತ್ಯೇಕ ಶಾಸನ ಮಾಡುವವರೆಗೆ ರೈತನ ವಿಧವೆಗೆ ಹೊಲದಲ್ಲಿ ಅದರ ಪ್ರಯೋಜನ ದೊರೆಯಲಿಲ್ಲ. 1956ರ ಉತ್ತರಾಧಿಕಾರ ಕಾಯಿದೆಯು ಈ ಮೂರೂ ಪದ್ಧತಿಗಳನ್ನು ಬಹುಮಟ್ಟಿಗೆ ಒಂದು ಚೌಕಟ್ಟಿಗೆ ತಂದಿತು. 2005ರ ತಿದ್ದುಪಡಿಯು ಮಿತಾಕ್ಷರ ಅವಿಭಕ್ತ ಕುಟುಂಬದ ಮಗಳಿಗೂ ಜನ್ಮಸಿದ್ಧ ಹಕ್ಕನ್ನು ಕೊಟ್ಟಿತು. ತಿದ್ದುಪಡಿಯ ವೇಳೆಗೆ ತಂದೆ ಜೀವಂತನಾಗಿರಬೇಕಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತವಾದ ವಿಭಾಗಗಳಿಗೆ ರಕ್ಷಣೆಯುಂಟು. ಡೊಂಬಿವಲಿಯಲ್ಲಿ ವಾಸಿಸುತ್ತ ಊರಿನ ಹೊಲದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಾಗಿ ಬಂದ ಮಗಳಿಗೆ, ಅಜ್ಜನ ಕಾಲದ ಪತ್ರ ವಿಭಾಗಪತ್ರವೋ ಬರಿಯ ಅನುಭೋಗದ ಏರ್ಪಾಡೋ ಎಂಬುದು ನಿರ್ಣಾಯಕವಾಗುತ್ತದೆ. ನವಿಮುಂಬಯಿ ನಿರ್ಮಾಣಕ್ಕಾಗಿ ಭೂಮಿ ಕಳೆದುಕೊಂಡ ಸ್ಥಳೀಯ ರೈತರ ವಾರಸುದಾರರಿಗೂ ಇದು ಅಷ್ಟೇ ಮುಖ್ಯ. ಪರಿಹಾರವಾಗಲಿ ಮುಂದೆ ಬಂದ 12.5 ಪ್ರತಿಶತ ನಿವೇಶನದ ಯೋಜನೆಯಾಗಲಿ ಯಾರಿಗೆ ಸಲ್ಲಬೇಕೆಂಬುದು ಸಾತ್‌ಬಾರಾ ಉತಾರದ ಹೆಸರುಗಳಿಂದಲೇ ಆರಂಭವಾಗುತ್ತದೆ.

ಇಂತಹ ಪತ್ರವೊಂದು ದೊರೆತಾಗ ಅದರಲ್ಲಿ ಎಷ್ಟು ಎಕರೆ ಎಂಬುದನ್ನು ನೋಡುವ ಮೊದಲು ಮೂರು ಸಂಗತಿಗಳನ್ನು ನಿಶ್ಚಯಿಸಿಕೊಳ್ಳುವುದು ಉಚಿತ: ಕುಟುಂಬದ ಮೂಲ ಪ್ರದೇಶ ಯಾವುದು, ಆಗ ಅದು ಯಾವ ಪ್ರಾಂತಕ್ಕೆ ಸೇರಿತ್ತು, ಭೂಮಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ. ಇವು ತಿಳಿದ ಮೇಲೆಯೇ ಪತ್ರದಲ್ಲಿ ಹೆಸರಿರುವವರಷ್ಟೇ, ಹೆಸರಿಲ್ಲದವರೂ ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುತ್ತಾರೆ.