ಕೊರಳಿಂದ ಕೊರಳಿಗೆ ಗವಾಯಿಗಳ ನೆನಪು

ರೋಹಿಣಿ ಮಳೆ ಮುಗಿದು ಮಿರಗ ಕೂಡುವ ಹೊತ್ತು. ಯಲಬುರ್ಗಾದ ಎರೆ ಹೊಲಗಳಲ್ಲಿ ಬಿತ್ತನೆಯ ಸಡಗರ. ಬೇಸಿಗೆ ರಜೆ ಮುಗಿದು ಶಾಲೆಗಳ ಬಾಗಿಲು ತೆರೆದಿರುತ್ತವೆ. ಹೊಸ ನೋಟ್‌ಬುಕ್ಕು, ಹೊಸ ಪಾಟಿಚೀಲ, ಫೀಸು ಎಂದು ತಂದೆತಾಯಿಗಳು ಲೆಕ್ಕ ಹಾಕುತ್ತಿರುವ ಇದೇ ದಿನಗಳಲ್ಲಿ ಕೊಪ್ಪಳ ಸೀಮೆಯ ಹಾಡುಗಾರರನ್ನೂ ತಬಲಾ ನುಡಿಸುವವರನ್ನೂ ಗದಗು ಕೈಬೀಸಿ ಕರೆಯುತ್ತದೆ. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಗಾನಯೋಗಿ ಪಂಚಾಕ್ಷರ ಗವಾಯಿಗಳ ಪುಣ್ಯಸ್ಮರಣೋತ್ಸವ ನಡೆಯುವ ಕಾಲವದು.

ಕೊಪ್ಪಳದಿಂದ ಗದಗು ದೂರವೇನಲ್ಲ. ರೈಲು ಹಿಡಿದರೆ ಹೆಚ್ಚು ಕಡಿಮೆ ಒಂದು ಗಂಟೆಯ ದಾರಿ. ಗಂಗಾವತಿಗೂ ಕುಷ್ಟಗಿಗೂ ಈಗ ರೈಲು ಬಂದಿದೆ. ಕುಕನೂರು, ಯಲಬುರ್ಗಾ ಕಡೆಯವರಿಗೆ ಬಸ್ಸುಗಳುಂಟು. ಹೀಗೆ ಬಂದು ಸೇರಿದವರಲ್ಲಿ ಆಶ್ರಮದ ಹಳೆಯ ವಿದ್ಯಾರ್ಥಿಗಳೇ ಬಹಳ. ಯಾರೋ ಶಾಲೆಯಲ್ಲಿ ಸಂಗೀತ ಶಿಕ್ಷಕರು, ಯಾರೋ ಶ್ರಾವಣದ ಪುರಾಣ ಪ್ರವಚನಗಳಿಗೆ ಹಾಡುವ ಗವಾಯಿಗಳು, ಮತ್ತೆ ಯಾರೋ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿದವರು. ಅವರಲ್ಲಿ ಅನೇಕರಿಗೆ ಕಣ್ಣು ಕಾಣದು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ಗದ್ದುಗೆಯತ್ತ ನಡೆದು ಬರುತ್ತಾರೆ. ಗುರುವಿಗೆ ಕೈಮುಗಿದು, ಪ್ರಸಾದ ಸ್ವೀಕರಿಸಿ, ತಮ್ಮ ಸರದಿ ಬಂದಾಗ ಹಾಡುತ್ತಾರೆ. ಹಾಡೇ ಅವರು ಸಲ್ಲಿಸುವ ಕಾಣಿಕೆ.

ಹಾಡಿನ ಆಯುಸ್ಸು ಎಷ್ಟು?

ತಂಬೂರಿಯ ತಂತಿಯೊಂದನ್ನು ಮೀಟಿ ನೋಡಿ. ನಾದ ಹೊಮ್ಮುತ್ತದೆ, ಕ್ರಮೇಣ ಕ್ಷೀಣಿಸುತ್ತದೆ, ಕೆಲವು ಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ. ತಂತಿಯ ಕಂಪನ ಗಾಳಿಯನ್ನು ನಡುಗಿಸುತ್ತದೆ. ಆ ಅಲೆ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗಿ ಗೋಡೆಗೆ, ನೆಲಕ್ಕೆ, ಕೇಳುವವರ ಬಟ್ಟೆಬರೆಗೆ ಬಡಿದು ಕೊನೆಗೆ ಅತ್ಯಲ್ಪ ಶಾಖವಾಗಿ ಮಾರ್ಪಡುತ್ತದೆ. ಶಕ್ತಿ ನಾಶವಾಗದು ಎಂಬುದು ಪಾಠದಲ್ಲಿ ಓದುವ ಮಾತು. ಆದರೆ ಆ ಶಾಖದಿಂದ ಹಾಡನ್ನು ಮರಳಿ ಪಡೆಯಲು ಬರುವುದಿಲ್ಲ.

ಚಿತ್ರಕಾರ ತೀರಿಕೊಂಡರೆ ಚಿತ್ರ ಉಳಿಯುತ್ತದೆ. ಕಿನ್ನಾಳದ ಕುಶಲಕರ್ಮಿ ಮಾಡಿದ ಮರದ ಗೊಂಬೆ ಮೂರು ತಲೆಮಾರಿನವರ ಕೈಸೇರುತ್ತದೆ. ಹಾಡುಗಾರನ ಕೆಲಸ ಮಾತ್ರ ಹಾಡಿದ ಕ್ಷಣವೇ ಗಾಳಿಯಲ್ಲಿ ಕರಗುತ್ತದೆ. ಈಗೇನೋ ಪ್ರತಿಯೊಬ್ಬರ ಕಿಸೆಯಲ್ಲೂ ಧ್ವನಿ ಹಿಡಿದಿಡುವ ಯಂತ್ರವಿದೆ. ಪಂಚಾಕ್ಷರ ಗವಾಯಿಗಳ ಕಾಲದಲ್ಲಿ ಹಳ್ಳಿಗಾಡಿನ ಗಾಯಕನಿಗೆ ಆ ಸೌಕರ್ಯವೆಲ್ಲಿಯದು? ಹಾಡು ಉಳಿಯಬೇಕಾದರೆ ಒಂದೇ ದಾರಿ, ಅದನ್ನು ಇನ್ನೊಬ್ಬರಿಗೆ ಕಲಿಸುವುದು. ಗವಾಯಿಗಳು ಮಾಡಿದ್ದು ಅದನ್ನೇ.

ಗದಿಗೆಯ್ಯ ಗವಾಯಿಯಾದದ್ದು

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗೆ ಕಣ್ಣಿರಲಿಲ್ಲ. ಅಣ್ಣನಿಗೂ ಅದೇ ಗತಿ. ಅಂದಿನ ದಿನಗಳಲ್ಲಿ ಬಡ ಮನೆಯ ಅಂಧ ಮಕ್ಕಳ ಮುಂದೆ ಇದ್ದ ದಾರಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗರ ಕಂಠ ಚೆನ್ನಾಗಿತ್ತು. ಅದನ್ನು ಕೇಳಿಸಿಕೊಂಡವರು ಹಾನಗಲ್ಲ ಕುಮಾರ ಸ್ವಾಮಿಗಳು. ಬಾದಾಮಿ ಬಳಿಯ ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದವರೂ ಇವರೇ. ಅವರು ಬಾಲಕನ ಕೈಹಿಡಿದರು. ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತ ಕಲಿಸಿದರು. ಮುಂದೆ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಂಥವರಿಂದ ಹಿಂದುಸ್ತಾನಿ ಸಂಗೀತದ ಪಾಠವೂ ಆಯಿತು. ಎರಡೂ ಪದ್ಧತಿಗಳಲ್ಲಿ ಪರಿಣತರಾದ ಕಾರಣ ಜನ ಅವರನ್ನು ಉಭಯ ಗಾಯನ ವಿಶಾರದ ಎಂದು ಕರೆದರು.

ಇಷ್ಟು ವಿದ್ಯೆ ಕೈಗೆ ಬಂದ ಮೇಲೆ ಅವರು ಅರಮನೆಗಳನ್ನು ಹುಡುಕಿಕೊಂಡು ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ತಮ್ಮಂಥವೇ ಅಂಧ, ಅನಾಥ ಬಾಲಕರನ್ನು ಕೂಡಿಸಿಕೊಂಡು ಸಂಗೀತ ಪಾಠಶಾಲೆ ನಡೆಸಿದರು. 1914ರಲ್ಲಿ ಆರಂಭವಾದ ಈ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಇಂದು ಈ ಊರು, ನಾಳೆ ಮತ್ತೊಂದು ಊರು. ಹೋದಲ್ಲಿ ಪಾಠ, ಹೋದಲ್ಲಿ ಹಾಡು, ಭಕ್ತರು ಕೊಟ್ಟದ್ದರಲ್ಲಿ ಊಟ. ನಾಟಕ ಸಂಘವನ್ನೂ ಕಟ್ಟಿ ಮಕ್ಕಳ ಹೊಟ್ಟೆ ಹೊರೆದರು. ಬಹುಕಾಲ ಅಲೆದಾಡಿದ ಮೇಲೆ ಗದಗಿನ ದಾನಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಆಶ್ರಮಕ್ಕೆ ನೆಲೆ ಸಿಕ್ಕಿತು. 1944ರ ಜೂನಿನಲ್ಲಿ ಗವಾಯಿಗಳು ಲಿಂಗೈಕ್ಯರಾದರು.

ಹಂಪೆಯ ಒಂದು ಸಂಜೆ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯವರಿಗೆ ಹೊಳೆಯಾಚೆಯ ಹಂಪೆ ನೆರೆಮನೆಯಿದ್ದಂತೆ. ವಿಜಯನಗರ ಸ್ಥಾಪನೆಯ ಆರುನೂರನೇ ವರ್ಷದ ಉತ್ಸವ ಅಲ್ಲಿ 1936ರಲ್ಲಿ ನಡೆದಾಗ ಹದಿಹರೆಯದ ಹುಡುಗನೊಬ್ಬ ಹಾಡಲು ಕುಳಿತ. ಅವನಿಗೆ ತಬಲಾ ಸಾಥ್ ನೀಡಲು ಕುಳಿತವರು ಸ್ವತಃ ಅವನ ಗುರುಗಳಾದ ಪಂಚಾಕ್ಷರ ಗವಾಯಿಗಳು. ಆ ಹುಡುಗನೇ ಮುಂದೆ ದೇಶವೇ ತಲೆದೂಗಿದ ಪಂಡಿತ ಬಸವರಾಜ ರಾಜಗುರು. ಶಿಷ್ಯ ಮುಂದೆ, ಗುರು ಪಕ್ಕದಲ್ಲಿ! ಕಲಿಸುವುದೆಂದರೆ ಏನೆಂಬುದಕ್ಕೆ ಶಿಕ್ಷಕರೂ ಪಾಲಕರೂ ನೆನಪಿಡಬೇಕಾದ ಚಿತ್ರವಿದು.

ಗವಾಯಿಗಳ ನಂತರ ಆಶ್ರಮದ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಅವರು ಹಾಡುಗಾರಿಕೆಯಲ್ಲದೆ ಹಾರ್ಮೋನಿಯಂ, ಪಿಟೀಲು, ಸಾರಂಗಿ, ತಬಲಾ ಹೀಗೆ ಅನೇಕ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ರಚಿಸಿದರು, ನಾಟಕ ಬರೆದರು. ಊರೂರುಗಳಲ್ಲಿ ಭಕ್ತರು ಅವರ ತುಲಾಭಾರ ಮಾಡುತ್ತಿದ್ದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಅಜ್ಜ, ಇನ್ನೊಂದರಲ್ಲಿ ನಾಣ್ಯ. ತೂಗಿದ ಹಣವೆಲ್ಲ ಆಶ್ರಮದ ಮಕ್ಕಳ ಅನ್ನಕ್ಕೆ. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಅಗಲಿದಾಗ ಕೊಪ್ಪಳ ಸೀಮೆಯ ಎಷ್ಟೋ ಮನೆಗಳಲ್ಲಿ ಮನೆಯ ಹಿರಿಯರನ್ನೇ ಕಳೆದುಕೊಂಡ ದುಃಖ.

ಅವರಲ್ಲಿ ಹನ್ನೆರಡು ವರ್ಷಗಳ ಕಾಲ ಕಲಿತವರು ಬಳ್ಳಾರಿ ಕಡೆಯ ಹುಡುಗ ವೆಂಕಟೇಶ ಕುಮಾರ್. ತಂದೆ ಜಾನಪದ ಗಾಯಕರು, ಮನೆಯಲ್ಲಿ ಬಡತನ. ಸೋದರಮಾವ, ತೊಗಲುಗೊಂಬೆಯಾಟದ ಬೆಳಗಲ್ಲು ವೀರಣ್ಣನವರು ಬಾಲಕನನ್ನು ಆಶ್ರಮಕ್ಕೆ ತಂದು ಬಿಟ್ಟರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಪಂಚಾಕ್ಷರರಿಂದ ಪುಟ್ಟರಾಜರಿಗೆ, ಪುಟ್ಟರಾಜರಿಂದ ವೆಂಕಟೇಶರಿಗೆ, ಅವರಿಂದ ಇಂದಿನ ಮಕ್ಕಳಿಗೆ. ಗಾಳಿಯಲ್ಲಿ ಕರಗಿದ ಹಾಡು ಹೀಗೆ ಕೊರಳಿಂದ ಕೊರಳಿಗೆ ನಡೆದು ಬಂದಿದೆ.

ದೈವದ ವರವೇ, ಸಾಧನೆಯೇ?

ಕಣ್ಣು ಕಿತ್ತುಕೊಂಡ ದೇವರು ಕಿವಿಯನ್ನು ಚುರುಕು ಮಾಡುತ್ತಾನೆ ಎಂಬ ಮಾತು ನಮ್ಮಲ್ಲಿ ರೂಢಿ. ವಿಜ್ಞಾನ ಹೇಳುವುದು ತುಸು ಬೇರೆ. ಅಂಧರ ಕಿವಿಯ ರಚನೆ ಎಲ್ಲರದರಂತೆಯೇ. ಆದರೆ ಎಳವೆಯಲ್ಲೇ ದೃಷ್ಟಿಯಿಲ್ಲದವರ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗ ಸುಮ್ಮನೆ ಕೂಡುವುದಿಲ್ಲ, ಸ್ಪರ್ಶ ಮತ್ತು ಶಬ್ದಗಳನ್ನು ಅರಿಯುವ ಕೆಲಸಕ್ಕೆ ಒದಗುತ್ತದೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಹೀಗೆ ಒದಗಿದ ಶಕ್ತಿ ವಿದ್ಯೆಯಾಗಬೇಕಾದರೆ ಅಭ್ಯಾಸ ಬೇಕು. ನಸುಕಿನಲ್ಲೆದ್ದು ಷಡ್ಜ ಹಿಡಿದು ಕೂಡದೆ ಯಾವ ಗವಾಯಿಯೂ ಆಗಿಲ್ಲ. ಎಲ್ಲವೂ ವರ ಎಂದುಬಿಟ್ಟರೆ ಆ ಮಕ್ಕಳ ದುಡಿಮೆಯನ್ನು ಮರೆತಂತೆ.

ಇನ್ನೊಂದು ಸಂಗತಿ. ಬೆರಳ ತುದಿಯಿಂದ ಓದುವ ಲಿಪಿಯನ್ನು ರೂಪಿಸಿ 1829ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಲೂಯಿ ಬ್ರೈಲ್ ಕೂಡ ಅಂಧ, ಅವನೂ ಸಂಗೀತಗಾರ. ಆರೇ ಚುಕ್ಕೆಗಳಿಂದ 63 ಚಿಹ್ನೆಗಳಾಗುತ್ತವೆ. ಅಕ್ಷರ, ಅಂಕಿ, ಸಂಗೀತದ ಸ್ವರಲಿಪಿ ಎಲ್ಲವನ್ನೂ ಅದರಲ್ಲಿ ಬರೆಯಬಹುದು. ಕನ್ನಡಕ್ಕೂ ಬ್ರೈಲ್ ಇದೆ.

ಹತ್ತಿ ನಾಡಿನ ಇನ್ನೊಬ್ಬ ಹಾಡುಗಾರ

ಗದಿಗೆಯ್ಯ ಹುಟ್ಟಿದ ಮರುವರ್ಷ, 1893ರಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ವರ್ಥಮ್ ಎಂಬ ಊರಿನ ಬಳಿ ಕಪ್ಪು ಜನಾಂಗದ ಬಡ ರೈತ ಕುಟುಂಬದಲ್ಲಿ ಒಬ್ಬ ಬಾಲಕ ಹುಟ್ಟಿದ. ಅದೂ ಹತ್ತಿ ಬೆಳೆಯುವ ಸೀಮೆ. ಅವನಿಗೂ ಕಣ್ಣಿರಲಿಲ್ಲ. ಗಿಟಾರ್ ಹಿಡಿದು ಬೀದಿಗಳಲ್ಲಿ ಹಾಡಿದ ಅವನನ್ನು ಜನ ಬ್ಲೈಂಡ್ ಲೆಮನ್ ಜೆಫರ್ಸನ್ ಎಂದು ಕರೆದರು. ಅವನು ಹಾಡಿದ್ದು ಬ್ಲೂಸ್. ಗುಲಾಮಗಿರಿಯಿಂದ ಬಿಡುಗಡೆಯಾಗಿಯೂ ಬಡತನದಿಂದ ಬಿಡುಗಡೆಯಾಗದ ಜನ ತಮ್ಮ ನೋವು ತೋಡಿಕೊಂಡ ಹಾಡುಗಾರಿಕೆಯದು. 1926ರಿಂದ 1929ರವರೆಗೆ ಅವನ ಸುಮಾರು 100 ಹಾಡುಗಳು ಮುದ್ರಣಗೊಂಡು ಗ್ರಾಮಫೋನ್ ತಟ್ಟೆಗಳಾಗಿ ಮಾರಾಟವಾದವು. 1929ರ ಡಿಸೆಂಬರಿನಲ್ಲಿ ಶಿಕಾಗೋ ನಗರದಲ್ಲಿ ಅವನು ತೀರಿಕೊಂಡ. ಊರಿಗೆ ತಂದು ಹೂಳಿದರೂ ಸಮಾಧಿಗೆ ಹೆಸರಿನ ಗುರುತಿರಲಿಲ್ಲ. ಅಲ್ಲಿ ಸ್ಮಾರಕ ಫಲಕ ನಿಂತದ್ದು 1967ರಲ್ಲಿ, ಅಂದರೆ ಮೂವತ್ತೆಂಟು ವರ್ಷಗಳ ಮೇಲೆ.

ಇಬ್ಬರೂ ಅಂಧರು, ಇಬ್ಬರೂ ಬಡವರು, ಇಬ್ಬರೂ ಕಂಠವನ್ನೇ ನಂಬಿದವರು. ಜೆಫರ್ಸನ್ನನ ಧ್ವನಿ ತಟ್ಟೆಯಲ್ಲಿ ಉಳಿಯಿತು, ಜಗತ್ತು ಇಂದಿಗೂ ಕೇಳುತ್ತದೆ. ಆದರೆ ಹಸಿದ ಹುಡುಗನೊಬ್ಬ ಹೋಗಿ ಬಾಗಿಲು ತಟ್ಟಬಹುದಾದ ಮನೆಯೊಂದನ್ನು ಕಟ್ಟುವ ಅವಕಾಶ ಅವನಿಗೆ ಸಿಗಲಿಲ್ಲ. ಗದಿಗೆಯ್ಯನಿಗೆ ಕುಮಾರ ಸ್ವಾಮಿಗಳು ಸಿಕ್ಕಿದರು. ಆ ಋಣವನ್ನು ಅವರು ನೂರಾರು ಮಕ್ಕಳಿಗೆ ತೀರಿಸಿದರು.

ಪಾಲಕರಿಗೊಂದು ಮಾತು

ನಮ್ಮ ಏಳೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂದಿಗೂ ಕಣ್ಣು ಕಾಣದ ಮಗು ಮನೆಯ ಮೂಲೆಯಲ್ಲಿ ಕುಳಿತಿರಬಹುದು. ಅದೆಲ್ಲಿ ಓದೀತು ಎಂದು ಹೆತ್ತವರೇ ಕೈಚೆಲ್ಲಿರಬಹುದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಂತೆ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯಲ್ಲೂ ಕಲಿಯಬಹುದು, ವಿಶೇಷ ಶಾಲೆಯಲ್ಲೂ ಕಲಿಯಬಹುದು. ಅಂಧ ಮಗುವೆಂದರೆ ಗವಾಯಿಯೇ ಆಗಬೇಕೆಂದೇನಿಲ್ಲ. ಶಿಕ್ಷಕನಾಗಬಹುದು, ವಕೀಲನಾಗಬಹುದು, ಬ್ಯಾಂಕಿನಲ್ಲಿ ದುಡಿಯಬಹುದು. ಆದರೆ ಯಾರಾದರೂ ಮೊದಲು ಅದರ ಕೈಹಿಡಿದು ಮನೆಯ ಹೊಸ್ತಿಲು ದಾಟಿಸಬೇಕು.

ಕಣ್ಣಿದ್ದ ಮಕ್ಕಳಿಗೂ ಈ ಉತ್ಸವದಲ್ಲಿ ಪಾಠವಿದೆ. ಮುಂದಿನ ಜೂನಿನಲ್ಲಿ ಬಿಡುವು ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಗದಗಿಗೆ ಒಮ್ಮೆ ಹೋಗಿ ಬನ್ನಿ. ಆಶ್ರಮದ ಅಂಗಳದಲ್ಲಿ ಹತ್ತು ವರ್ಷದ ಹುಡುಗನೊಬ್ಬ ತಂಬೂರಿಯ ಶ್ರುತಿಗೆ ಕಿವಿಗೊಟ್ಟು ಷಡ್ಜ ಹಚ್ಚುತ್ತಿರುತ್ತಾನೆ. ಅವನು ಪಂಚಾಕ್ಷರ ಗವಾಯಿಗಳನ್ನು ಕಂಡವನಲ್ಲ, ಪುಟ್ಟರಾಜರನ್ನೂ ಕಂಡವನಲ್ಲ. ಆದರೂ ಅವರು ಕಲಿಸಿದ್ದನ್ನೇ ಹಾಡುತ್ತಿರುತ್ತಾನೆ.