ಅಗ್ಗದ ಪಿಸ್ತೂಲಿಗೆ ಅಂಟಿದ ಅಪವಾದ

ಇಟ್ಟಿಗೆಯೊಂದಕ್ಕೆ ಹಿಡಿ ಕೂರಿಸಿದಂಥ ಆಕಾರ. ಮೇಲೆ ದಪ್ಪ, ಕೆಳಗೆ ಸಪೂರ. ಕೈಗೆತ್ತಿಕೊಂಡರೆ ಮುಂದಕ್ಕೆ ಜಗ್ಗುವ ಭಾರ. ಅಮೆರಿಕದ ಒಹಾಯೊ ರಾಜ್ಯದ ಮ್ಯಾನ್ಸ್‌ಫೀಲ್ಡ್ ಎಂಬ ಊರಿನಿಂದ 1990ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಹೈ-ಪಾಯಿಂಟ್ ಪಿಸ್ತೂಲನ್ನು ನೋಡಿ ನಗದ ಬಂದೂಕು ಪ್ರಿಯರು ಅಲ್ಲಿ ಕಡಿಮೆ. 2019ರಲ್ಲಿ ಕಂಪನಿ ತನ್ನ ಹೊಸ ಮಾದರಿಗೆ ಹೆಸರು ಸೂಚಿಸಿ ಎಂದು ಸ್ಪರ್ಧೆ ಏರ್ಪಡಿಸಿದಾಗ ಜನ ಬಹುಮತದಿಂದ ಆರಿಸಿದ ಹೆಸರು 'ಯೀಟ್ ಕ್ಯಾನನ್'. ಹುಡುಗರ ಆಡುಮಾತಿನ ಈ 'ಯೀಟ್' ಎಂದರೆ ಬೀಸಿ ಎಸೆಯುವುದು. ಗುಂಡು ಹಾರದಿದ್ದರೂ ಚಿಂತೆಯಿಲ್ಲ, ಪಿಸ್ತೂಲನ್ನೇ ಶತ್ರುವಿನ ತಲೆಗೆ ಎಸೆಯಬಹುದು ಎಂಬುದು ಅದರ ಒಳಾರ್ಥ. ಕಂಪನಿ ಮೊದಲು ಹಿಂದೆಮುಂದೆ ನೋಡಿತು, ಆಮೇಲೆ ನಕ್ಕು ಒಪ್ಪಿಕೊಂಡಿತು. ಆ ಹೆಸರಿನ ಮೊದಲಕ್ಷರಗಳೇ ಇಂದು ಮಾದರಿಯ ಹೆಸರಿನಲ್ಲಿವೆ.

ಪಿಸ್ತೂಲಿನ ಮಾತು ಮಕ್ಕಳಿಗೇಕೆ ಎಂದು ತಂದೆತಾಯಂದಿರು ಹುಬ್ಬೇರಿಸಬಹುದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಇದೆ, ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ, ಇಲ್ಲಿ ಯಾರೂ ಅದನ್ನು ಕೊಳ್ಳಲು ಹೊರಟಿಲ್ಲ. ಆದರೆ ಈ ಪಿಸ್ತೂಲಿನ ಕುರೂಪ, ಅದರ ಭಾರ, ಅದರ ಅಗ್ಗದ ಬೆಲೆ, ಕಡೆಗೆ ಅದರ ಮೇಲೆ ಬಂದ ಕಾನೂನಿನ ಕಣ್ಣು ಇವೆಲ್ಲಕ್ಕೂ ಕಾರಣ ಪ್ರೌಢಶಾಲೆಯ ವಿಜ್ಞಾನದ ಪುಸ್ತಕದಲ್ಲೇ ಇದೆ.

ನ್ಯೂಟನ್ನನ ಮೂರನೆಯ ನಿಯಮದಿಂದ ತೊಡಗಬಹುದು. ತೋಟಾದೊಳಗಿನ ಮದ್ದು ಉರಿದಾಗ ಹುಟ್ಟುವ ಅನಿಲ ಗುಂಡನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೇ ಬಲದಿಂದ ಖಾಲಿ ತೋಟಾವನ್ನು ಹಿಂದಕ್ಕೂ ತಳ್ಳುತ್ತದೆ. 9 ಮಿಲಿಮೀಟರ್ ತೋಟಾದಲ್ಲಿ ಈ ಒತ್ತಡ ವಾಯುಮಂಡಲದ ಒತ್ತಡದ ಎರಡು ಸಾವಿರ ಪಟ್ಟಿಗೂ ಮೀರಿ ಏರುತ್ತದೆ. ಗುಂಡು ನಳಿಕೆಯಿಂದ ಹೊರಬೀಳುವ ತನಕ, ಅಂದರೆ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗದಷ್ಟು ಹೊತ್ತು, ತೋಟಾ ನಳಿಕೆಯ ಒಳಗೇ ಇರಬೇಕು. ಅದಕ್ಕೆ ಮೊದಲೇ ಹೊರಬಂದರೆ ಆ ತೆಳು ಹಿತ್ತಾಳೆ ಅಷ್ಟು ಒತ್ತಡ ತಾಳಲಾರದೆ ಒಡೆದುಹೋಗುತ್ತದೆ.

ಇದನ್ನು ತಡೆಯಲು ಎರಡು ಹಾದಿಗಳಿವೆ. ಒಂದು, ಅಮೆರಿಕದ ಜಾನ್ ಬ್ರೌನಿಂಗ್ ತೋರಿಸಿದ್ದು. ನಳಿಕೆಯನ್ನೂ ಅದರ ಮೇಲೆ ಜಾರುವ ಸ್ಲೈಡನ್ನೂ ಒಂದಕ್ಕೊಂದು ಕೊಂಡಿ ಹಾಕಿದಂತೆ ಬಿಗಿದಿಟ್ಟು, ಎರಡೂ ಕೂಡಿ ಕೆಲವು ಮಿಲಿಮೀಟರ್ ಹಿಂದೆ ಸರಿದ ಮೇಲೆ ನಳಿಕೆಯ ಹಿಂಭಾಗ ಕೆಳಗಿಳಿದು ಕೊಂಡಿ ಬಿಚ್ಚಿಕೊಳ್ಳುವಂತೆ ಮಾಡುವುದು. ಇಂದಿನ ದುಬಾರಿ ಪಿಸ್ತೂಲುಗಳಲ್ಲಿ ಬಹುಪಾಲು ಈ ಹಾದಿಯವು. ಇದಕ್ಕೆ ಉಕ್ಕನ್ನು ಕೂದಲೆಳೆಯ ನಿಖರತೆಯಲ್ಲಿ ಕೊರೆಯಬೇಕು, ಯಂತ್ರದ ಕೆಲಸ ಹೆಚ್ಚು, ಬೆಲೆಯೂ ಹೆಚ್ಚು.

ಇನ್ನೊಂದು ಹಾದಿಯಲ್ಲಿ ಕೊಂಡಿಯೇ ಇಲ್ಲ. ಇದಕ್ಕೆ ಬ್ಲೋಬ್ಯಾಕ್ ಎನ್ನುತ್ತಾರೆ. ತೋಟಾದ ಹಿಂದೆ ಭಾರವಾದ ಲೋಹದ ತುಂಡೊಂದನ್ನು ಇಟ್ಟುಬಿಡುವುದು, ಅಷ್ಟೆ. ಅದನ್ನು ಸ್ಪ್ರಿಂಗು ಹಿಡಿದು ನಿಲ್ಲಿಸುತ್ತದೆ ಎಂದು ಹಲವರು ತಿಳಿದಿದ್ದಾರೆ, ಆದರೆ ಸ್ಪ್ರಿಂಗಿನ ಪಾತ್ರ ಆ ಗಳಿಗೆಯಲ್ಲಿ ತೀರ ಅಲ್ಪ. ನಿಲ್ಲಿಸುವುದು ಜಡತ್ವ.

ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ಹಿಡಿದು ಲೆಕ್ಕ ಹಾಕಿಯೇ ನೋಡಬಹುದು. ಗುಂಡಿನ ದ್ರವ್ಯರಾಶಿ 7.5 ಗ್ರಾಂ, ವೇಗ ಸೆಕೆಂಡಿಗೆ 350 ಮೀಟರ್ ಎನ್ನೋಣ. ಸ್ಲೈಡಿನ ದ್ರವ್ಯರಾಶಿ ಲೆಕ್ಕದ ಅನುಕೂಲಕ್ಕೆ ಅರ್ಧ ಕಿಲೋ ಇರಲಿ. ಸಂವೇಗ ಸಂರಕ್ಷಣೆಯ ನಿಯಮದಂತೆ ಎರಡರ ಸಂವೇಗವೂ ಸಮ. ಸ್ಲೈಡು ಗುಂಡಿಗಿಂತ ಸುಮಾರು 67 ಪಟ್ಟು ಭಾರ, ಆದ್ದರಿಂದ ಅದರ ವೇಗ 67ರಲ್ಲಿ ಒಂದು ಪಾಲು, ಸೆಕೆಂಡಿಗೆ ಐದು ಮೀಟರಿಗೆ ತುಸು ಹೆಚ್ಚು. ಅದು ಸರಿಯುವ ದೂರವೂ ಅದೇ ಪ್ರಮಾಣದಲ್ಲಿ. ಗುಂಡು ನಳಿಕೆಯಲ್ಲಿ 80 ಮಿಲಿಮೀಟರ್ ಸಾಗುವಷ್ಟರಲ್ಲಿ ಸ್ಲೈಡು ಹಿಂದೆ ಬಂದಿರುವುದು ಸುಮಾರು 1.2 ಮಿಲಿಮೀಟರ್ ಮಾತ್ರ. ಅನಿಲದ ಪಾಲನ್ನು ಸೇರಿಸಿದರೆ ಇದು ತುಸು ಹೆಚ್ಚೀತು, ಆದರೂ ತೋಟಾ ಕ್ಷೇಮ. ಈಗ ಸ್ಲೈಡನ್ನು ಚೆಂದಕ್ಕೆಂದು ತೆಳ್ಳಗೆ ಮಾಡಿ 100 ಗ್ರಾಂಗೆ ಇಳಿಸಿದರೆ? ಅದೇ ಹೊತ್ತಿಗೆ 6 ಮಿಲಿಮೀಟರ್ ಹಿಂದೆ ಬಂದಿರುತ್ತದೆ. ತೋಟಾದ ಒಟ್ಟು ಉದ್ದವೇ 19 ಮಿಲಿಮೀಟರ್. ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

ಹೈ-ಪಾಯಿಂಟಿನ ತಲೆಭಾರಕ್ಕೆ ಕಾರಣ ಇದು. ಅದರ 9 ಮಿಲಿಮೀಟರ್ ಮಾದರಿಯಾದ ಸಿ9 ಸುಮಾರು 820 ಗ್ರಾಂ ತೂಗುತ್ತದೆ. ಗುಂಡೇ ಇಮ್ಮಡಿ ಭಾರವಿರುವ .45 ಮಾದರಿ ಒಂದು ಕಿಲೋ ಮುಟ್ಟುತ್ತದೆ. ನಕ್ಕವರು ಒಂದು ಗಳಿಗೆ ಈ ಲೆಕ್ಕ ಮಾಡಿದ್ದರೆ ಆ ಭಾರ ತಯಾರಕನ ಅಜ್ಞಾನವಲ್ಲ, ಅವನ ಜಾಣತನ ಎಂದು ತಿಳಿಯುತ್ತಿತ್ತು.

ಬ್ಲೋಬ್ಯಾಕ್ ಎಂದರೆ ಕೀಳು ತಂತ್ರ ಎಂಬ ಮಾತೂ ಇದೆ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದು ಮೊದಲ ಮಹಾಯುದ್ಧಕ್ಕೆ ಕಿಡಿ ಹೊತ್ತಿಸಿದ ಬೆಲ್ಜಿಯಂ ಪಿಸ್ತೂಲು ಬ್ಲೋಬ್ಯಾಕ್. ಜೇಮ್ಸ್ ಬಾಂಡ್ ಸಿನಿಮಾಗಳಲ್ಲಿ ಮಿಂಚುವ ವಾಲ್ಟರ್ ಪಿಪಿಕೆ ಬ್ಲೋಬ್ಯಾಕ್. ಅವುಗಳನ್ನು ಕಂಡು ಯಾರೂ ನಗುವುದಿಲ್ಲ. ಅವು ಸಣ್ಣ ತೋಟಾದವು, ಹಾಗಾಗಿ ಸ್ಲೈಡು ಸಣ್ಣದಾಗಿದ್ದರೂ ನಡೆಯಿತು, ನೋಟಕ್ಕೂ ಚೆಂದವಾಯಿತು.

ಇನ್ನು ಲೋಹದ ವಿಷಯ. ಹೈ-ಪಾಯಿಂಟಿನ ನಳಿಕೆ ಉಕ್ಕಿನದು, ಹಿಡಿಯಿರುವ ಚೌಕಟ್ಟು ಪ್ಲಾಸ್ಟಿಕ್ಕಿನದು, ಸ್ಲೈಡು ಮಾತ್ರ ಜಮಾಕ್-3 ಎಂಬ ಮಿಶ್ರಲೋಹದ ಎರಕ. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಇವುಗಳ ಜರ್ಮನ್ ಹೆಸರುಗಳ ಮೊದಲಕ್ಷರ ಸೇರಿಸಿ ಜಮಾಕ್ ಎಂದು ಕರೆದದ್ದು. 3ನೇ ಸಂಖ್ಯೆಯದರಲ್ಲಿ ಸುಮಾರು ನೂರಕ್ಕೆ 96 ಪಾಲು ಸತು, 4 ಪಾಲು ಅಲ್ಯೂಮಿನಿಯಂ. ನಲ್ಲಿಯ ತಿರುಪು, ಬಾಗಿಲ ಹಿಡಿ, ಸ್ಕೂಟರಿನ ಕಾರ್ಬುರೇಟರು, ಮಕ್ಕಳ ಆಟದ ಕಾರು ಹೀಗೆ ಮನೆಮನೆಯಲ್ಲಿರುವ ಎಷ್ಟೋ ವಸ್ತುಗಳು ಈ ಜಾತಿಯ ಲೋಹದವು. ಕರಗಿಸಿ ಅಚ್ಚಿಗೆ ಒತ್ತಡದಿಂದ ತುಂಬಿದರೆ ಬೇಕಾದ ಆಕಾರ ಒಂದೇ ಏಟಿಗೆ ಬರುತ್ತದೆ, ಕೊರೆಯುವ ಕೆಲಸ ಉಳಿಯುವುದು ಸ್ವಲ್ಪ. ಅಗ್ಗದ ಗುಟ್ಟು ಇಲ್ಲಿದೆ. ಕುರೂಪದ ಗುಟ್ಟೂ ಇಲ್ಲೇ ಇದೆ. ಜಮಾಕ್ ಉಕ್ಕಿನಷ್ಟು ಗಟ್ಟಿಯಲ್ಲ, ಅದಕ್ಕೇ ಗೋಡೆ ದಪ್ಪವಿರಬೇಕು. ಅದರ ಸಾಂದ್ರತೆಯೂ ಕಡಿಮೆ: ಘನ ಸೆಂಟಿಮೀಟರಿಗೆ 6.6 ಗ್ರಾಂ, ಉಕ್ಕಿನದು 7.85. ಅದೇ ಅರ್ಧ ಕಿಲೋ ತೂಕಕ್ಕೆ ಉಕ್ಕಾದರೆ 64 ಘನ ಸೆಂಟಿಮೀಟರ್ ಸಾಕು, ಜಮಾಕ್ 76 ಬೇಡುತ್ತದೆ.

ಸತುವಿನ ಎರಕ ಎಂದರೆ ಪುಡಿಪುಡಿಯಾಗುವ ಲೋಹ ಎಂಬ ಕೆಟ್ಟ ಹೆಸರು ಬಂದದ್ದಕ್ಕೆ ಹಳೆಯ ಕಾರಣವೊಂದಿದೆ. 1930ರ ದಶಕದ ಆಟದ ರೈಲು, ಆಟದ ಕಾರುಗಳನ್ನು ಜೋಪಾನವಾಗಿ ಎತ್ತಿಟ್ಟವರು ವರ್ಷಗಳಾದ ಮೇಲೆ ಪೆಟ್ಟಿಗೆ ತೆರೆದಾಗ ಅವು ಬಿರುಕುಬಿಟ್ಟು ಬಿಸ್ಕತ್ತಿನಂತೆ ಮುರಿದದ್ದನ್ನು ಕಂಡರು. ತಪ್ಪು ಸತುವಿನದಲ್ಲ, ಅದರಲ್ಲಿ ಬೆರೆತಿದ್ದ ಚೂರು ಸೀಸದ್ದು. ತೇವದ ಗಾಳಿಯಲ್ಲಿ ಆ ಕಲ್ಮಶ ಲೋಹದ ಕಣಗಳ ಸಂದಿಯಲ್ಲಿ ಗೆದ್ದಲಿನಂತೆ ಕೆಲಸ ಮಾಡುತ್ತದೆ. ನೂರಕ್ಕೆ 99.99ರಷ್ಟು ಶುದ್ಧ ಸತುವಿನಿಂದ ಮಾಡುವ ಜಮಾಕನ್ನು ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ತಂದದ್ದೇ ಈ ರೋಗಕ್ಕೆ ಮದ್ದಾಗಿ. ರೋಗ ವಾಸಿಯಾಗಿ ದಶಕಗಳು ಕಳೆದರೂ ಹೆಸರು ಮಾತ್ರ ವಾಸಿಯಾಗಲಿಲ್ಲ.

ಹೆಸರು ಕೆಟ್ಟದ್ದಕ್ಕೆ ರಾಜಕೀಯದ ಕಥೆಯೂ ಸೇರಿದೆ. ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದ 1968ರಲ್ಲೇ ಅಮೆರಿಕ ಬಂದೂಕು ನಿಯಂತ್ರಣ ಕಾಯಿದೆ ತಂದು, ಹೊರದೇಶದ ಅಗ್ಗದ ಸಣ್ಣ ಪಿಸ್ತೂಲುಗಳ ಆಮದು ತಡೆಯಿತು. 'ಶನಿವಾರ ರಾತ್ರಿಯ ಪಿಸ್ತೂಲು' ಎಂಬುದು ಅವಕ್ಕಿದ್ದ ಅಡ್ಡಹೆಸರು. ಆಮದು ನಿಂತದ್ದೇ ಲಾಸ್ ಏಂಜಲೀಸ್ ಸುತ್ತಮುತ್ತ ಅಂಥವನ್ನೇ ಎರಕ ಹೊಯ್ಯುವ ಕಾರ್ಖಾನೆಗಳು ಎದ್ದವು. ಅವುಗಳಲ್ಲಿ ಕೆಲವು ನಿಜಕ್ಕೂ ಅಪಾಯಕಾರಿ. ಒಂದು ಕಂಪನಿಯ ಪಿಸ್ತೂಲಿನಲ್ಲಿ ತೋಟಾ ಹೊರತೆಗೆಯಬೇಕಾದರೆ ರಕ್ಷಣಾ ಕೀಲಿಯನ್ನೇ ಮೊದಲು ತೆರೆಯಬೇಕಿತ್ತು. ಹಾಗೆ ತೆರೆದಾಗ 1994ರಲ್ಲಿ ಗುಂಡು ಹಾರಿ ಏಳು ವರ್ಷದ ಹುಡುಗನೊಬ್ಬ ಜೀವಮಾನವಿಡೀ ಮೈ ಮರಗಟ್ಟಿ ಉಳಿದ. 2003ರಲ್ಲಿ ತೀರ್ಪು ಬಂದು ಆ ಕಂಪನಿ ದಿವಾಳಿಯಾಯಿತು. ಅದು ನ್ಯಾಯ. ಆದರೆ ಮೂರು ಸಾವಿರ ಕಿಲೋಮೀಟರಿಗೂ ದೂರದ ಒಹಾಯೊದ ಬೇರೊಂದು ಕಾರ್ಖಾನೆಯ ಬೇರೆಯೇ ವಿನ್ಯಾಸಕ್ಕೆ ಆ ಮಸಿ ಬಳಿಯುವುದು ನ್ಯಾಯವಲ್ಲ.

ಕೆಲವು ರಾಜ್ಯಗಳು ಇನ್ನೂ ವಿಚಿತ್ರವಾದ ಅಳತೆಗೋಲು ಹಿಡಿದವು. ಇಲಿನಾಯ್, ಹವಾಯ್ ರಾಜ್ಯಗಳ ಕಾನೂನು 800 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 427 ಡಿಗ್ರಿ ಸೆಲ್ಸಿಯಸ್ ತಲುಪುವ ಮುನ್ನವೇ ಕರಗುವ ಎರಕದ ಲೋಹದ ಪಿಸ್ತೂಲನ್ನು ನಿಷೇಧಿಸುತ್ತದೆ. ಜಮಾಕ್-3 ಕರಗುವುದು 381ರಿಂದ 387 ಡಿಗ್ರಿಯಲ್ಲಿ. ಕರಗುವ ಬಿಂದುವಿಗೂ ಪಿಸ್ತೂಲಿನ ಸುರಕ್ಷತೆಗೂ ಏನು ನಂಟು? ಬಿಸಿ ತಿನ್ನುವುದು ಉಕ್ಕಿನ ನಳಿಕೆ, ಸ್ಲೈಡು 381 ಡಿಗ್ರಿಯ ಹತ್ತಿರ ಸುಳಿಯುವುದೂ ಇಲ್ಲ. ಅಂದಹಾಗೆ, ಹೆಸರಾಂತ ದುಬಾರಿ ಪಿಸ್ತೂಲುಗಳ ಚೌಕಟ್ಟು ನೈಲಾನ್ ಜಾತಿಯ ಪ್ಲಾಸ್ಟಿಕ್ಕಿನದು. ಅದು 220-260 ಡಿಗ್ರಿಗೇ ಕರಗುತ್ತದೆ. ಕಾನೂನು ಹಿಡಿಯುವುದು ಲೋಹವನ್ನು ಮಾತ್ರವಾದ್ದರಿಂದ ಅವು ಪಾರಾದವು. ಇದು ವಿಜ್ಞಾನದ ಅಳತೆಯಲ್ಲ, ವಿಜ್ಞಾನದ ವೇಷ ತೊಟ್ಟ ಬೆಲೆಯ ಅಳತೆ.

ಈ ಚಾಳಿ ಹೊಸದೂ ಅಲ್ಲ. ಗುಲಾಮಗಿರಿ ಕೊನೆಗೊಂಡ ಮೇಲೆ, 1879ರಲ್ಲಿ ಟೆನೆಸ್ಸಿ ರಾಜ್ಯ ಸೇನೆ ಮತ್ತು ನೌಕಾಪಡೆ ಬಳಸುವ ಮಾದರಿಯ ಪಿಸ್ತೂಲುಗಳನ್ನು ಬಿಟ್ಟು ಉಳಿದವುಗಳ ಮಾರಾಟ ನಿಷೇಧಿಸಿತು. ಸೇನೆಯ ಮಾದರಿ ದುಬಾರಿ. ಅದು ಬಿಳಿಯ ಮಾಜಿ ಸೈನಿಕರ ಮನೆಗಳಲ್ಲಿ ಆಗಲೇ ಇತ್ತು, ಆಗಷ್ಟೇ ಬಿಡುಗಡೆಯಾದ ಕರಿಯರ ಕೈಗೆ ಎಟುಕುತ್ತಿರಲಿಲ್ಲ. ಕಾನೂನಿನ ಮಾತಿನಲ್ಲಿ ಬಣ್ಣದ ಸುದ್ದಿಯೇ ಇರಲಿಲ್ಲ.

ಹೈ-ಪಾಯಿಂಟ್ ಮೇಲಿನ ಅತಿ ಗಂಭೀರ ಆರೋಪ ಅದು ಅಪರಾಧಿಗಳ ಕೈಸೇರುತ್ತದೆ ಎಂಬುದು. ಇದು ಸುಳ್ಳಲ್ಲ. 1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ 12 ವಿದ್ಯಾರ್ಥಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಕೊಂದ ಇಬ್ಬರು ಹುಡುಗರ ಬಳಿಯಿದ್ದ ನಾಲ್ಕು ಆಯುಧಗಳಲ್ಲಿ ಒಂದು ಇದೇ ಕಂಪನಿಯ ಸಣ್ಣ ಬಂದೂಕು. ಆ ಹುಡುಗರಿಗೆ ಬಂದೂಕು ಒದಗಿಸಿದವರು ಯಾರು, ಹೇಗೆ ಎಂದು ಆ ದೇಶ ಕೇಳಿಕೊಳ್ಳಲೇಬೇಕು. ಅಮೆರಿಕದಲ್ಲಿ ಬಂದೂಕು ಇಷ್ಟು ಸಲೀಸಾಗಿ ಸಿಗಬೇಕೆ ಎಂಬುದೂ ನ್ಯಾಯವಾದ ಪ್ರಶ್ನೆ. ಆದರೆ ಅದು ಎಲ್ಲ ಬಂದೂಕುಗಳಿಗೂ ಸಲ್ಲುವ ಪ್ರಶ್ನೆ. ಐನೂರು, ಆರುನೂರು ಡಾಲರಿನದು ಮರ್ಯಾದಸ್ಥರ ಆಯುಧ, ಇನ್ನೂರು ಡಾಲರಿನ ಒಳಗಿನದು ಮಾತ್ರ ಕೊಲೆಗಡುಕರದು ಎಂದರೆ ಅದು ಉತ್ತರವಾಗುವುದಿಲ್ಲ. ಅಪಾಯದ ಬಡಾವಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಹೆಂಗಸಿಗೆ, ಪೊಲೀಸ್ ಠಾಣೆ ಗಂಟೆಗಟ್ಟಲೆ ದೂರವಿರುವ ಒಂಟಿ ಮನೆಯ ಮುದುಕನಿಗೆ ಅಲ್ಲಿನ ಸಂವಿಧಾನ ಕೊಟ್ಟ ಹಕ್ಕು ಕೈಗೆಟುಕುವುದು ಇಂಥದರ ಮೂಲಕವೇ.

ನಿಜವಾದ ಕುಂದುಗಳೂ ಇವೆ. ಸಿ9ರ ಮಾಮೂಲಿ ಮ್ಯಾಗಜಿನ್ನಿಗೆ ಹಿಡಿಸುವುದು ಎಂಟು ತೋಟಾ, ಅದಕ್ಕಿಂತ ಹಗುರವಾದ ಗ್ಲಾಕ್ 19ರಲ್ಲಿ ಹದಿನೈದು. ಶುಚಿಗೊಳಿಸಲು ಬಿಚ್ಚಬೇಕೆಂದರೆ ಪಿನ್ನೊಂದನ್ನು ಸುತ್ತಿಗೆಯಿಂದ ತಟ್ಟಿ ಹೊರಹಾಕಬೇಕು, ದುಬಾರಿಯವು ಕೈಬೆರಳಲ್ಲೇ ಬಿಚ್ಚಿಕೊಳ್ಳುತ್ತವೆ. ತೋಟಾ ಸಿಕ್ಕಿಕೊಳ್ಳುತ್ತದೆ ಎಂಬ ದೂರಿನ ಮೂಲ ಬಹಳ ಸಲ ಮ್ಯಾಗಜಿನ್ನಿನ ಬಾಯಿಯ ತಗಡಿನ ಅಂಚು. ಅದು ಕೊಂಚ ಬಾಗಿದ್ದರೂ ತೋಟಾ ಓರೆಯಾಗಿ ಏರುತ್ತದೆ. ಇನ್ನೊಂದು ಕಡೆ, ನಳಿಕೆ ಅಲುಗಾಡದೆ ಒಂದೇ ಕಡೆ ನಿಂತಿರುವುದರಿಂದ ಗುರಿಗೆ ಅದು ಅನುಕೂಲವೇ, ಭಾರದಿಂದಾಗಿ ಕೈಗೆ ಬೀಳುವ ಒದೆಯೂ ಕಡಿಮೆ.

ಕೆಟ್ಟುಹೋದರೆ ಕಂಪನಿಗೆ ಕಳಿಸಿದರಾಯಿತು. ಮೊದಲು ಕೊಂಡವನೇ ಕಳಿಸಬೇಕೆಂದಿಲ್ಲ, ಎರಡನೆಯ, ಮೂರನೆಯ ಕೈಯವನು ಕಳಿಸಿದರೂ ದುಡ್ಡು ಕೇಳದೆ ದುರಸ್ತಿ ಮಾಡಿ ಹಿಂದಿರುಗಿಸುತ್ತಾರೆ. ಪಿಸ್ತೂಲು ಇರುವಷ್ಟು ಕಾಲವೂ ಈ ಭರವಸೆ ಉಂಟು.